ಮಗನ ಬೋಟು, ಲಾರಿಯ ಎಂಜಿನ್, ನನ್ನ ಬಿ.ಪಿ.

ಬೋಟು ಇರುವ ಮನೆಯಲ್ಲಿ ನಗುವಿಗೂ ಹೆದರಿಕೆಗೂ ಬೇರೆ ಬೇರೆ ಕೋಣೆ ಇರುವುದಿಲ್ಲ. ಕಾಪುವಿನ ನಮ್ಮ ಮನೆಯಲ್ಲಂತೂ ಒಂದು ಒಳಗೆ ಬಂದರೆ ಇನ್ನೊಂದು ಹಿಂದೆಯೇ ಬರುತ್ತದೆ. ನಾನು ಬಿ.ಎಸ್ಸಿ. ಓದಿದವಳು. ಮದುವೆಯಾಗಿ ಬಂದಂದಿನಿಂದ ಬೋಟಿನ ಡೀಸೆಲ್, ಆಯಿಲ್, ರಿಪೇರಿ ಎಲ್ಲವನ್ನೂ ಬರೆದಿಡುವವಳು ನಾನೇ. ಇಷ್ಟು ಚೊಕ್ಕ ದಾಖಲೆ ಈ ಕರಾವಳಿಯಲ್ಲಿ ಬೇರೆ ಯಾವ ಬೋಟಿಗೂ ಇರಲಿಕ್ಕಿಲ್ಲ. ಆದರೆ ಮಗ ದೊಡ್ಡ ಎಂಜಿನ್ ಕೂರಿಸಿದ ಮೇಲೆ ನಡೆದದ್ದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾರಂಟಿ

ಹಳೆ ಎಂಜಿನ್ ಚೆನ್ನಾಗಿಯೇ ಇತ್ತು. "ಅದು ನಿಧಾನ ಅಮ್ಮ. ನಾವು ಮಲ್ಪೆ ಬಂದರಿಗೆ ಮುಟ್ಟುವಾಗ ಬೇರೆಯವರ ಮೀನು ಏಲಂ ಆಗಿ ಲಾರಿ ಹತ್ತಿರ್ತದೆ" ಎಂದ ಮಗ. ಆರು ಸಿಲಿಂಡರಿನ ಲಾರಿ ಎಂಜಿನ್ ಒಂದನ್ನು ತಂದೇಬಿಟ್ಟ. ಕಡಲ ನೀರಿನಿಂದ ಅದನ್ನು ತಂಪು ಮಾಡುವ ಪೈಪು, ಎಂಜಿನ್ನಿಗೆ ಜೋರಾಗಿ ಗಾಳಿ ತುಂಬುವ ಹೊಸ ಟರ್ಬೊ ಎಲ್ಲ ಕೂಡಿಸಿದವರು ಕಾರ್ಕಳದ ಲಾರಿ ಮೆಕ್ಯಾನಿಕ್.

ಅವರು ಟರ್ಬೊದ ಗಾಳಿ ಎಳೆಯುವ ಬಾಯಿ ತೋರಿಸಿ, "ಇದರ ಹತ್ತಿರ ಕೈವಸ್ತ್ರ ಕೂಡ ಇಡಬೇಡಿ ಅಕ್ಕ, ಎಳೆದುಬಿಡ್ತದೆ" ಎಂದರು. ನನ್ನ ಚಿಂತೆ ಬೇರೆ. ನಡುಗಡಲಲ್ಲಿ ಇದು ನಿಂತರೆ ನನ್ನ ಮಗನ ಗತಿ ಎಂತ?

"ಗ್ಯಾರಂಟಿ ಉಂಟಾ?" ಎಂದೆ.

"ಎಂತ ಅಕ್ಕ, ಹೀಗೆ ಕೇಳ್ತೀರಿ! ನಾನು ರೆಡಿ ಮಾಡಿ ಕಳಿಸಿದ ಎಂಜಿನ್ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ."



"ನಮ್ಮದು ಪ್ರತಿ ಸಲವೂ ವಾಪಸ್ ಬರಬೇಕು ಮಾರಾಯ್ರೇ!"

ರಿವರ್ಸ್ ಹಾರ್ನ್

ಎಂಜಿನ್ ಬಿಸಿಯಾದರೆ ತಕ್ಷಣ ತಿಳಿಯಲು ಒಂದು ಅಲಾರಂ ಬೇಕೆಂದು ನಾನು ಹಟ ಹಿಡಿದೆ. ಆ ಗುಡುಗಿನಲ್ಲಿ ಸಣ್ಣ ಬಜರ್ ಕೇಳುವುದಿಲ್ಲವೆಂದು ಮೆಕ್ಯಾನಿಕ್ ತಮಗೆ ಗೊತ್ತಿದ್ದದ್ದನ್ನೇ ಕೂರಿಸಿದರು: ಲಾರಿ ಹಿಂದಕ್ಕೆ ಬರುವಾಗ ಕೂಗುವ ಹಾರ್ನ್.

ಬೋಟನ್ನು ಬಂದರಿನ ದಕ್ಕೆಗೆ ಕಟ್ಟಿಯೇ ಎಂಜಿನ್ ಓಡಿಸಿ ನೋಡುತ್ತಿದ್ದೆವು. ನೀರೆಳೆಯುವ ಪೈಪಿಗೆ ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿ ಎಂಜಿನ್ ಕಾಯಿತು, ಹಾರ್ನ್ ಕೂಗಿತು. ಎಲ್ಲವೂ ಸಿಡಿಯಿತೆಂದೇ ತಿಳಿದು ನಾನು ಮಗನ ಅಂಗಿ ಹಿಡಿದು ದಕ್ಕೆಗೆ ಎಳೆದೆ. ಹಿಂದಿನ ಬೋಟಿನವರು ಗಾಬರಿಯಿಂದ ಹಗ್ಗ ಬಿಚ್ಚಿ, "ಹಿಂದೆ ಬರಬೇಡ ಮಾರಾಯ, ಇಲ್ಲಿ ಜಾಗ ಇಲ್ಲ!" ಎಂದು ಬೊಬ್ಬೆ ಹಾಕಿದರು. ಅವರನ್ನು ನೋಡಿ ಅವರ ಹಿಂದಿನವರೂ ಹಗ್ಗ ಬಿಚ್ಚಿದರು.

ಕಟ್ಟಿಹಾಕಿದ ಬೋಟಿಗೆ ದಾರಿ ಬಿಟ್ಟುಕೊಟ್ಟದ್ದು ಮಲ್ಪೆಯಲ್ಲಿ ಅದೇ ಮೊದಲಿರಬೇಕು.

ಯಾರ ಪ್ರೆಶರ್?

ಈ ಹೆದರಿಕೆಯಲ್ಲಿ ನನ್ನ ಬಿ.ಪಿ. ಏರಿತು. ಮಣಿಪಾಲದ ಡಾಕ್ಟರು ದಿನಾ ಅಳೆದು ಬರೆದಿಡಲು ಹೇಳಿದರು. ಬರೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಡಗಡೆ ನನ್ನ ಪ್ರೆಶರ್, ಬಲಗಡೆ ಮಗ ದಕ್ಕೆಯಿಂದ ಫೋನಿನಲ್ಲಿ ಹೇಳುವ ಎಂಜಿನ್ನಿನ ಆಯಿಲ್ ಪ್ರೆಶರ್.

ಡಾಕ್ಟರು ಪುಟ ನೋಡಿ ಕನ್ನಡಕ ಸರಿಮಾಡಿಕೊಂಡರು. "ಅಮ್ಮ, ಇದು ಬರೇ ನಲವತ್ತೈದು! ಆಗ ನಿಮಗೆ ಪ್ರಜ್ಞೆ ಇತ್ತಾ?"

"ಅದು ಎಂಜಿನ್ನಿನದ್ದು ಡಾಕ್ಟ್ರೇ."

ಅವರು ಎರಡೂ ಕಡೆ ನಿಧಾನವಾಗಿ ಓದಿ ಹೇಳಿದರು: "ಎಂಜಿನ್ ಆರೋಗ್ಯವಾಗಿ ಉಂಟು. ಮಾತ್ರೆ ನಿಮಗೆ ಮಾತ್ರ ಬರೀತೇನೆ."

ಟ್ರಯಲ್

ಕೊನೆಗೆ ಕಡಲಿಗಿಳಿಯುವ ದಿನ ನಿಶ್ಚಯವಾಯಿತು. ನಾನು ಒಂದು ಕಾನೂನು ಮಾಡಿದೆ: ಎಂಜಿನ್ನಿಗೆ ಕೈ ಹಾಕಿದವರು ಮೊದಲ ಓಟಕ್ಕೆ ಬೋಟಿನಲ್ಲಿರಬೇಕು.

ಮೆಕ್ಯಾನಿಕ್ ಬಿಳುಚಿಕೊಂಡರು. "ನಾನು ಕಾರ್ಕಳದವ ಅಕ್ಕ. ನಮ್ಮಲ್ಲಿ ಬಂಡೆ ಉಂಟು, ಕಡಲಿಲ್ಲ."

"ಎಂಜಿನ್ನಿನ ಮೇಲೆ ನಂಬಿಕೆ ಇಲ್ವಾ?"

"ಉಂಟು. ನಿಮಗೆ ಉಂಟಾದರೆ ನೀವೂ ಬನ್ನಿ."

ಹಾಗೆ ಆ ದಿನ ತಲೆಗೆ ಮಲ್ಲಿಗೆ ಮುಡಿದು, ದೇವರನ್ನು ನೆನೆದು, ಬೋಟು ನಡೆಸುವ ತಾಂಡೇಲರ ಪಕ್ಕದಲ್ಲಿ ನಾನೂ ಕುಳಿತೆ. ಬೋಟು ಹಾರಿತೆಂದೇ ಹೇಳಬೇಕು. ಮಗನ ಮುಖ ಅರಳಿತ್ತು. ಮೆಕ್ಯಾನಿಕ್ ಕಂಬವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ್ದರು.

ಕಾಪುವಿನ ದೀಪಸ್ತಂಭ ಕಾಣುವಾಗ ಕಪ್ಪು ಹೊಗೆ ಎದ್ದಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಆ ಮೌನದಷ್ಟು ದೊಡ್ಡ ಸದ್ದನ್ನು ನಾನು ಕೇಳಿಲ್ಲ. ಅಲೆ ನಮ್ಮನ್ನು ದೀಪಸ್ತಂಭದ ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ತಾಂಡೇಲರು ಲಂಗರು ಬಿಟ್ಟರು. ಮಗ ಎಂಜಿನ್ ಕೋಣೆಗೆ ಧುಮುಕಿದ.

"ಅಮ್ಮಾ! ಇಲ್ಲಿ ಮಲ್ಲಿಗೆ ಪರಿಮಳ!"

ಎಲ್ಲರೂ ನನ್ನನ್ನು ನೋಡಿದರು. ನಾನು ತಲೆ ಮುಟ್ಟಿಕೊಂಡೆ. "ನನ್ನದು ಇಲ್ಲೇ ಉಂಟು!"

ಮಗ ಕೈಯಲ್ಲಿ ಚೂರುಚೂರಾದ ಹೂವು, ಬಾಳೆನಾರು ಹಿಡಿದು ಮೇಲೆ ಬಂದ. ಟರ್ಬೊದ ಬಾಯಿಗೆ ಹಾಕಿದ್ದ ಜಾಲರಿಗೆ ಇಡೀ ಮಾಲೆ ಅಂಟಿ, ಎಂಜಿನ್ನಿಗೆ ಉಸಿರು ಕಟ್ಟಿತ್ತು. ಈಗ ಎಲ್ಲರೂ ಕಂಬದ ಕಡೆ ತಿರುಗಿದರು.

"ಬೆಳಿಗ್ಗೆ ಬರುವಾಗ ಕಟಪಾಡಿಯಲ್ಲಿ ಒಂದು ಅಟ್ಟೆ ಮಲ್ಲಿಗೆ, ಪೂರಾ ನಾಲ್ಕು ಚೆಂಡು, ತೆಗೊಂಡೆ" ಎಂದರು ಮೆಕ್ಯಾನಿಕ್ ಕಣ್ಣು ತೆರೆಯದೆ. "ಹೆದರಿಕೆ ಆಯಿತು. ಎಂಜಿನ್ನಿಗೆ ಹಾಕಿ ಕೈ ಮುಗಿದೆ."

"ಕೈವಸ್ತ್ರ ಕೂಡ ಇಡಬಾರದು ಅಂದವರು ನೀವೇ ಅಲ್ವಾ?"

"ಹೂವಿನ ವಿಷಯ ನಾನು ಹೇಳಿರಲಿಲ್ಲ ಅಕ್ಕ."

ಮಗ ಜಾಲರಿ ಒರೆಸಿ ಕೀ ತಿರುಗಿಸಿದ. ಮೊದಲ ಸಲಕ್ಕೇ ಎಂಜಿನ್ ಗುಡುಗಿತು. ತಾಂಡೇಲರು ಲಂಗರು ಎತ್ತಿದರು, ಬಂಡೆಗಳು ದೂರವಾದವು. ಮಗನನ್ನು ಮುಟ್ಟಿ ಮುಟ್ಟಿ ನೋಡಿದೆ.

ಬಂದರು ಕಂಡ ಮೇಲೆ ಮೆಕ್ಯಾನಿಕ್ ಕಂಬ ಬಿಟ್ಟು ಎದ್ದುನಿಂತರು. ಅಂಗಿ ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು:

"ಒಂದು ಅಟ್ಟೆ ಮಲ್ಲಿಗೆ ಒಂದೇ ಉಸಿರಿಗೆ! ಈಗ ಹೇಳಿ ಅಕ್ಕ, ಟರ್ಬೊ ಹೇಗುಂಟು?"