ಒಂದೇ ಜೆರಾಕ್ಸು, ನಾಲ್ಕೂರ ಓದುಗರು

ಪುಸ್ತಕ ಬರೆಯೋರಿಗೆ ಇಂಥವೆಲ್ಲ ಆಗ್ತಾನೇ ಇರ್ತವಂತೆ. ನನಗೆ ಮುಂಚೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಾನು ಹೊನ್ನಾಳಿ ಹತ್ತಿರದ ಹಳ್ಳಿಯೊಂದರ ಹಾಲಿನ ಸೊಸೈಟಿ ಕಾರ್ಯದರ್ಶಿ. ಬೆಳಗ್ಗೆ ಸಂಜೆ ಹಾಲು ಅಳೆಯೋದು, ಫ್ಯಾಟ್ ನೋಡೋದು, ಬೈಸ್ಕೊಳ್ಳೋದು. ಮಧ್ಯಾಹ್ನದ ಬಿಡುವಿನಲ್ಲಿ ಕೂತು ಒಂದು ಕಾದಂಬರಿ ಬರೆದೆ. ಹೊಳೆದಂಡೆಯ ಹುಡುಗಿಯೊಬ್ಬಳ ಕತೆ. ಸ್ವಂತ ದುಡ್ಡಿನಲ್ಲೇ ಅಚ್ಚು ಹಾಕಿಸೋಣ ಅಂತ ದಾವಣಗೆರೆಯ ಪ್ರೆಸ್ಸೊಂದಕ್ಕೆ ಹೋದರೆ, ಅಲ್ಲಿಯವರು, "ಮೊದ್ಲು ನಾಲ್ಕು ಜನಕ್ಕೆ ಓದಿಸ್ರಿ. ಅವರ ಅಭಿಪ್ರಾಯ ಹಿಂದಿನ ರಟ್ಟಿಗೆ ಹಾಕೋಣ. ಅವರಿಗೇ ಸೇರಲಿಲ್ಲ ಅಂದ್ರೆ ನಿಮ್ಮ ದುಡ್ಡಾದ್ರೂ ಉಳೀತೈತೆ" ಅಂದರು. ಆ ಕೊನೇ ಮಾತು ಎದೆಗೆ ತಾಗಿತು. ಇದು ಅಚ್ಚಾಗೋ ಬರಹವೋ, ಅಟ್ಟಕ್ಕೆ ಹಾಕೋ ರದ್ದಿಯೋ ಅನ್ನೋದು ನನಗೇ ಗೊತ್ತಿರಲಿಲ್ಲ. ಯಾರ ಮುಂದೂ ಬಾಯಿ ಬಿಡಲಿಲ್ಲ, ಆದರೆ ಅದೇ ಯೋಚನೆಯಲ್ಲಿ ಊಟ ಸೇರ್ತಿರಲಿಲ್ಲ.

ಮೂಲ ಪ್ರತಿ ಖರ್ಚಿನ ಅಂದಾಜಿಗೆ ಅಂತ ಪ್ರೆಸ್ಸಿನಲ್ಲೇ ಉಳೀತು. ಓದಿಸೋಕೆ ನಾಲ್ಕು ಜೆರಾಕ್ಸ್ ಮಾಡಿಸಾಕೆ ಕೈ ಬರಲಿಲ್ಲ. ಒಂದೇ ಪ್ರತಿ ಮಾಡಿಸಿ, ಅದನ್ನೇ ನಾಲ್ಕು ಭಾಗ ಮಾಡಿ, ನಾಲ್ಕು ಲಕೋಟೆಗೆ ಹಾಕಿದೆ. ಚನ್ನಗಿರಿಗೆ ಒಂದನೇದು, ಹೊನ್ನಾಳಿಗೆ ಎರಡನೇದು, ನ್ಯಾಮತಿಗೆ ಮೂರನೇದು, ಜಗಳೂರಿಗೆ ನಾಲ್ಕನೇದು. ಓದಿದ ಭಾಗವನ್ನು ಬಸ್ಸಿಗೆ ಹಾಕಿ ಮುಂದಿನ ಊರಿಗೆ ಕಳಿಸೋದು, ಹಿಂದಿನ ಊರಿಂದ ಬಂದದ್ದನ್ನು ಓದೋದು. ಎಂಥಾ ತಲೆ ನಂದು ಅಂತ ನನಗೇ ಹೆಮ್ಮೆ.

ಲಕೋಟೆ ಅಂಟಿಸಿ ಕೊಡು ಅಂತ ಹೆಂಡತಿ ಕೈಗೆ ಕೊಟ್ಟರೆ ಅವಳು, "ಹಿಂಗೆ ತುಂಡು ಮಾಡಿದ್ರೆ, ಮೊದ್ಲೇ ಬಾಲ ಸಿಕ್ಕೋರು ಏನು ಓದ್ತಾರ್ರೀ?" ಅಂದಳು.

"ನಿನಗೆ ಸಾಹಿತ್ಯ ಗೊತ್ತಾಗಲ್ಲ, ಸುಮ್ಕಿರು" ಅಂದೆ.

೧. ಒಣಗಿಸಿ ತರಬೇಕಾದ ಭಾಗ

ಚನ್ನಗಿರಿಯವರು ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ. ಅಡಿಕೆ ವ್ಯಾಪಾರ. ವಾರ ಬಿಟ್ಟು ಹೋದಾಗ ಬಾಯಿ ತೆರೆದ ಚೀಲಗಳ ನಡುವೆ ಕೂತಿದ್ದರು.

"ನೋಡಿದೆ ಕಣ್ರೀ ನಿಮ್ಮದು" ಅಂದರು.

"ಪೂರ್ತಿ ಓದಿದ್ರಾ?"

"ಪೂರ್ತಿ ಯಾಕ್ರೀ? ಅಡಿಕೆ ಚೀಲ ಪೂರ್ತಿ ಸುರುವಿ ನೋಡ್ತೀವೇನು? ಮೇಲೊಂದು ಹಿಡಿ, ನಡುವೆ ಒಂದು ಹಿಡಿ, ತಳದಾಗೆ ಒಂದು ಹಿಡಿ. ಮೂರು ಹಾಳೆ ಓದೀನಿ. ಮೇಲಿನ ಮಾಲು ಒಳ್ಳೆ ರಾಶಿ. ನಡುವೆ ಗೊರಬಲು ಬೆರೆಸಿಬಿಟ್ಟೀರಿ."

ರಾಶಿ ಅಂದರೆ ಒಳ್ಳೇ ದರ ಸಿಗೋ ಅಡಿಕೆ, ಗೊರಬಲು ಅಂದರೆ ದರ ಬೀಳೋದು, ಇಷ್ಟು ನನಗೂ ಗೊತ್ತು. ಮುಖ ಸಣ್ಣದಾಯ್ತು.

"ತಳದಾಗೆ?" ಅಂತ ಕೇಳಿದೆ.

"ತಳ ಹಸಿ ಐತೆ. ಹುಡುಗಿ ಭಾಳ ಅಳ್ತಾಳೆ. ಒಂದೆರಡು ಬಿಸಿಲು ಒಣಗಿಸಿ ತಗೊಂಬರ್ರಿ, ನೋಡೋಣ."

೨. ಕಡತ ಮರುಮಂಡನೆ

ಹೊನ್ನಾಳಿಯವರು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರು. ಎರಡನೇ ಭಾಗದ ಮೇಲೆ ಒಂದು ಚೀಟಿ ಪಿನ್ ಮಾಡಿಟ್ಟಿದ್ದರು. "ಪರಿಶೀಲಿಸಲಾಯಿತು. ಸದರಿ ಹುಡುಗಿಯು ಮನೆ ಬಿಡಲು ನಿರ್ಧರಿಸಿದ್ದಕ್ಕೆ ಕಾರಣವು ಈ ಕಡತದಲ್ಲಿ ಲಭ್ಯವಿರುವುದಿಲ್ಲ. ಹಿಂದಿನ ಕಡತದೊಂದಿಗೆ ಮರುಮಂಡಿಸುವುದು."

"ಸಾರ್, ಕಾರಣ ಒಂದನೇ ಭಾಗದಾಗೈತೆ, ಅದು ಚನ್ನಗಿರಿಯಿಂದ ಬರ್ತೈತೆ. ಇದು ನಿಮಗೆ ಹಿಡಿಸ್ತೋ ಇಲ್ವೋ, ಅಷ್ಟು ಹೇಳ್ರಿ ಸಾಕು."

ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನಾನೊಬ್ಬನೇ ಹೇಳೋದು ಸರಿ ಬರಲ್ಲಪ್ಪ. ಉಳಿದ ಮೂರೂ ಜನ ಏನಂದ್ರು?"

"ಅವರದು ಇನ್ನೂ ಪೂರ್ತಿ ಬಂದಿಲ್ಲ ಸಾರ್."

"ಹಂಗಾದ್ರೆ ನಂದೂ ಅದೇ ಅಭಿಪ್ರಾಯ ಅಂತ ಬರ್ಕೊ."

೩. ಬೀಗರ ಮೆಚ್ಚುಗೆ

ಜಗಳೂರಿನವರು ನನ್ನ ಮಗಳ ಮಾವ. ನಾನು ಹೊನ್ನಾಳಿಯಿಂದ ಬಂದ ಮಾರನೇ ದಿನವೇ ಅವರ ಫೋನು. "ಏನ್ ಬರ್ದೀರ್ರೀ ಬೀಗ್ರೇ! ಮನೆ ಮಂದಿಯೆಲ್ಲ ಕುಂತು ಓದಿದ್ವಿ. ಭಾಳ ಚೆನ್ನಾಗೈತೆ!"

ಕೊನೆಗೂ ಒಬ್ಬರು ಸಿಕ್ಕರಲ್ಲ ಅಂತ ಸೊಸೈಟಿಯಲ್ಲಿ ಇದ್ದಬದ್ದವರಿಗೆಲ್ಲ ಟೀ ಕುಡಿಸಿದೆ.

ಅವರು ಆ ಭಾಗವನ್ನು ಚನ್ನಗಿರಿಗೆ ಕಳಿಸಬೇಕಿತ್ತು, ನನಗೇ ಕಳಿಸಿದ್ದರು. ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಜೊತೆಗೊಂದು ಸೀರೆ, ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಒಂದು ಡಬ್ಬಿ ಶೇಂಗಾ ಹೋಳಿಗೆ. ಲಕೋಟೆಯ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ. ಅಂಟಿಸಿದ್ದ ಟೇಪು ಮಾತ್ರ ಹಾಕಿದ ಹಾಗೇ ಇತ್ತು. ಒಂದು ಕಡೇನೂ ಬಿಚ್ಚಿರಲಿಲ್ಲ.

ಮಗಳಿಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ ಅಪ್ಪಾ, ಬೀಗರು ಬರೆದಿದ್ದನ್ನ ಚೆನ್ನಾಗಿಲ್ಲ ಅನ್ನಾಕೆ ಬರ್ತೈತಾ? ಓದಿ, ಅಕಸ್ಮಾತ್ ಚೆನ್ನಾಗಿಲ್ಲ ಅನ್ನಿಸಿಬಿಟ್ರೆ ಏನ್ ಗತಿ ಅಂತ ಮಾವ ಓದಾಕೇ ಹೋಗ್ಲಿಲ್ಲ. ದೇವರ ಮುಂದೆ ಇಟ್ಟಿದ್ರು" ಅಂದಳು.

ಲಕೋಟೆಯನ್ನು ಅಲ್ಲಿಂದಲೇ ಚನ್ನಗಿರಿ ಬಸ್ಸಿಗೆ ಹಾಕಿದೆ. ಬೀಗರು ಸೀರೆ ಕಳಿಸಿದ ಮೇಲೆ ನಾವು ಸುಮ್ಮನಿರಾಕೆ ಆಗುತ್ತಾ? ನಾವೂ ಒಂದು ಸೀರೆ ಕಳಿಸಿದೆವು. ಆ ದುಡ್ಡಿನಲ್ಲಿ ಊರಿಗೆಲ್ಲ ಜೆರಾಕ್ಸ್ ಹಂಚಬಹುದಿತ್ತು.

೪. ಕಣ್ಣು ಒದ್ದೆ ಮಾಡಿದ ಅಧ್ಯಕ್ಷರು

ಉಳಿದದ್ದು ನ್ಯಾಮತಿಯ ಗೆಳೆಯ. ಮೆಡಿಕಲ್ ಶಾಪ್ ಇಟ್ಟವನು. ಡಾಕ್ಟರ ಚೀಟಿಯನ್ನೇ ಓದೋ ಮನುಷ್ಯ, ನನ್ನ ಕೈಬರಹ ಓದದೆ ಇರ್ತಾನಾ ಅಂತ ಅವನ ಮೇಲೆ ಭಾರೀ ಭರವಸೆ ಇತ್ತು. ಅವನೇ ಫೋನ್ ಮಾಡಿದ.

"ಮೂರನೇ ಭಾಗ ಅಂದ್ರೆ ಮೂರನೇ ಭಾಗ ಕಣಪ್ಪ! ಒಂದು ಸುಳ್ಳಿಲ್ಲ, ಒಂದು ಬೂಟಾಟಿಕೆ ಇಲ್ಲ. ಆ ಹಸಿರು ಮೇವಿನ ಕೊರತೆ ಬಗ್ಗೆ ಬರ್ದೀಯಲ್ಲ, ಹೊಟ್ಟೆ ಚುರ್ ಅಂತು."

"ಮೇವಾ?"

"ಹ್ಞೂಂ ಮತ್ತೆ! ಬ್ಯಾಸಿಗೇಲಿ ಹಾಲು ಇಳಿಯೋದು. ಕೊನೆಗೆ ಅಧ್ಯಕ್ಷರು ಎದ್ದು ನಿಂತು ಎಲ್ಲರಿಗೂ ವಂದನೆ ಹೇಳ್ತಾರಲ್ಲ, ಅಲ್ಲಿ ಕಣ್ಣು ಒದ್ದೆ ಆತು."

ನನ್ನ ಕಾದಂಬರಿಯಲ್ಲಿ ಹಸು ಇಲ್ಲ. ಅಧ್ಯಕ್ಷರಂತೂ ಇಲ್ಲವೇ ಇಲ್ಲ. ನಿದ್ದೆಗಣ್ಣಲ್ಲಿ ಏನಾದರೂ ಬರೆದುಬಿಟ್ಟೆನಾ ಅಂತ ತಲೆ ಕೆಟ್ಟುಹೋಯ್ತು.

"ಹುಡುಗಿ ಹೆಂಗೆ ಬಂದಾಳೆ?" ಅಂತ ಮೆಲ್ಲಗೆ ಕೇಳಿದೆ.

"ಹುಡುಗಿ ಎಲ್ಲೈತೆ ಇದರಾಗೆ? ಅದನ್ನೊಂದು ಬಿಟ್ಟು ಒಳ್ಳೇ ಕೆಲಸ ಮಾಡ್ದೆ ಬಿಡು."

ತಡೆಯಲಾಗದೆ ನ್ಯಾಮತಿ ಬಸ್ ಹತ್ತಿದೆ. ಗುಳಿಗೆ ಡಬ್ಬಿಗಳ ಮಧ್ಯದಿಂದ ಲಕೋಟೆ ತೆಗೆದು ಕೊಟ್ಟ. ಒಳಗೆ ನಮ್ಮ ಹಾಲಿನ ಸೊಸೈಟಿಯ ವಾರ್ಷಿಕ ವರದಿ! ನಾನೇ ಕೈಯಾರೆ ಬರೆದದ್ದು. ಸಭೆಯಲ್ಲಿ ಓದಿದಾಗ ಅರ್ಧಕ್ಕೇ ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದರು.

"ಇದು ನನ್ನ ಕಾದಂಬರಿ ಅಲ್ಲ ಮಾರಾಯ!" ಅಂದೆ.

ಗೆಳೆಯ ವರದಿಯನ್ನು ಕೈಯಿಂದ ಕಿತ್ತುಕೊಂಡು ಇನ್ನೊಮ್ಮೆ ತಿರುವಿ ಹಾಕಿದ. "ಅಲ್ಲದಿದ್ರೆ ಬಿಡು. ಇದನ್ನೇ ಅಚ್ಚು ಹಾಕ್ಸು" ಅಂದ.

೫. ಮನೆಯಲ್ಲಿ

ಉರಿದುಕೊಂಡು ಮನೆಗೆ ಬಂದೆ. ಹೆಂಡತಿ ರೊಟ್ಟಿ ಬಡೀತಿದ್ದಳು.

"ಮೂರನೇ ಲಕೋಟೆಗೆ ಸೊಸೈಟಿ ವರದಿ ಹಾಕಿದ್ದು ಯಾರು?"

"ನಾನೇ" ಅಂದಳು, ತಲೆ ಎತ್ತದೆ. "ಖಾಲಿ ಲಕೋಟೆ ಕಂಡ್ರೆ ನಿಮಗೆ ಗೊತ್ತಾಗ್ತಿತ್ತಲ್ಲ."

"ಮತ್ತೆ ನಾನು ಬರೆದಿದ್ದು?"

ಕೈ ಒರೆಸಿಕೊಂಡು ಒಳಗೆ ಹೋಗಿ, ಸೀರೆ ಮಡಿಕೆಯೊಳಗಿಂದ ಮೂರನೇ ಭಾಗ ತಂದು ಮುಂದೆ ಹಿಡಿದಳು. ಹಾಳೆಗಳ ಅಂಚು ಸವೆದಿತ್ತು. ಅಲ್ಲಲ್ಲಿ ಅರಿಶಿನದ ಬೆರಳಚ್ಚು, ಒಗ್ಗರಣೆ ಎಣ್ಣೆಯ ಕಲೆ.

"ಅಂಟಿಸಾಕೆ ಕುಂತಾಗ ಎರಡು ಸಾಲು ಕಣ್ಣಿಗೆ ಬಿತ್ತು. ಆಮೇಲೆ ಬಿಡಾಕೆ ಆಗ್ಲಿಲ್ಲ. ಓದಿ ಮುಗಿಸೋದ್ರಾಗೆ ನಾಲ್ಕನೇದು ಬಸ್ ಹತ್ತಿಬಿಟ್ಟಿತ್ತು."

ನನ್ನ ಸಿಟ್ಟು ಎಲ್ಲಿ ಹೋಯ್ತೋ. ಖುಷಿ ಪಡಲೋ, ಬೈಯಲೋ ತಿಳಿಯದೆ, "ನಾನು ಅಭಿಪ್ರಾಯಕ್ಕೆ ಅಂತ ಊರೂರು ಅಲೀತಿದ್ದರೆ ನೀನು..." ಅಂತ ಶುರು ಮಾಡಿದೆ.

"ನಿಮ್ಮ ಅಭಿಪ್ರಾಯಕ್ಕಿಷ್ಟು ಬೆಂಕಿ ಹಾಕ!" ಅಂದಳು. "ಆ ಹುಡುಗಿ ಹರಿಗೋಲಿಗೆ ಒಂದು ಕಾಲಿಟ್ಟಾಳೆ. ಅಪ್ಪ ದಡದ ಮೇಲೆ ಬಂದು ನಿಂತಾನೆ. ಅಲ್ಲಿಗೆ ನಿಲ್ಲಿಸಿ ಕುಂತೀರಲ್ಲ, ನೀವು ಮನುಷ್ಯರೇನ್ರೀ? ತಿಂಗಳಿಂದ ನನಗೆ ರೊಟ್ಟಿ ನೆಟ್ಟಗೆ ಬರ್ತಿಲ್ಲ. ನಾಲ್ಕನೇದು ಚನ್ನಗಿರಿಯಾಗೆ ಅಡಿಕೆ ಚೀಲದ ಮೇಲೆ ಬಿದ್ದೈತೆ ಅಂತ ಅಕ್ಕ ಹೇಳಿದ್ಲು. ಈಗ ಹೋಗಿ ತರ್ತೀರೋ, ನಾನೇ ಬಸ್ ಹತ್ಲೋ?"

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಪ್ರೆಸ್ಸಿನವರಿಗೆ ಫೋನ್ ಮಾಡಿ, "ಅಚ್ಚು ಶುರು ಮಾಡ್ರಿ" ಅಂದೆ.

"ಹಿಂದಿನ ರಟ್ಟಿಗೆ ಅಭಿಪ್ರಾಯ ಸಿಕ್ತಾ?" ಅಂದರು.

"ಸಿಕ್ತು, ಬರ್ಕೊಳ್ರಿ. 'ಈಗ ಹೋಗಿ ತರ್ತೀರೋ, ನಾನೇ ಬಸ್ ಹತ್ಲೋ?'"