ಒಂದು ಪೊಟ್ಟಣವನ್ನೂ ಬೀಳಿಸದ ರೂಟರ್

ನಾಶಿಕದ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ನಾನು, ಶಿವಕಾಂತ, ನೆಟ್‌ವರ್ಕ್ ಸೂಪರ್‌ವೈಸರ್. ಮನೆಯಲ್ಲಿ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕಾರಣ ನಿಮಗೆ ಮಾತ್ರ ತಿಳಿಸುತ್ತೇನೆ (ನಾಶಿಕದವರಿಗೆ ಬೇಡ).

ಹನ್ನೊಂದು ವರ್ಷ ಮನೆ ನೋಡಿಕೊಂಡಿದ್ದ ನನ್ನ ಹೆಂಡತಿ ಮಂಜುಶ್ರೀಗೆ ಮೊದಲ ಸಂದರ್ಶನ ಬಂದಿತ್ತು. ಕೆಲಸ ನಾಶಿಕ ಶಾಖೆಯದು. ವಿಡಿಯೋ ಕರೆಯಲ್ಲಿ ಪ್ರಶ್ನೆ ಕೇಳುವವರು ಸಂಭಾಜಿನಗರದ ಚಿಕಲಠಾಣಾ ಕಚೇರಿಯ ಹರಿದಾಸ ಸಾಹೇಬರು.

"ನೆಟ್ ಮುಟ್ಟಬ್ಯಾಡ್ರಿ. ಚಂದ ನಡದದ," ಅಂದಳು ಮಂಜುಶ್ರೀ.

"ನಾ ಯಾರು ಗೊತ್ತದ ಇಲ್ಲ?"

"ಗೊತ್ತದ. ಅದಕ್ಕೇ ಹೇಳ್ಲತೀನಿ."

ಮುಟ್ಟಿದೆ. ನಮ್ಮ ಮಾತು, ಚಿತ್ರ ಎಲ್ಲ ಸಣ್ಣ ಪೊಟ್ಟಣಗಳಾಗಿ (ಪ್ಯಾಕೆಟ್) ರೂಟರ್‌ನಲ್ಲಿ ಸಾಲು ನಿಂತು ಹೊರಡುತ್ತವೆ. ಸಾಲು ತುಂಬಿದಾಗ ರೂಟರ್ ಒಂದೆರಡು ಪೊಟ್ಟಣ ಬೀಳಿಸುತ್ತದೆ; ಕಳಿಸುತ್ತಿರುವ ಯಂತ್ರ ಅದರಿಂದಲೇ ದಟ್ಟಣೆಯನ್ನು ಅರಿತು ವೇಗ ತಗ್ಗಿಸುತ್ತದೆ. ಹೆಂಡತಿಯ ಒಂದಕ್ಷರವೂ ಬೀಳಬಾರದೆಂಬ ಮಹಾಕರುಣೆಯಿಂದ ನಾನು ಸಾಲನ್ನೇ ಹತ್ತುಪಟ್ಟು ಉದ್ದ ಮಾಡಿದೆ. ಸ್ಪೀಡ್ ಟೆಸ್ಟ್ ಮಾಡಿದರೆ ವೇಗ ಅದ್ಭುತವಾಗಿತ್ತು.

ಸಂದರ್ಶನ ಶುರುವಾಯಿತು. ಮಂಜುಶ್ರೀಯ ಉತ್ತರಗಳು ಸಾಲಿನಲ್ಲಿ ನಿಂತು ಐದು ಸೆಕೆಂಡು ತಡವಾಗಿ ತಲುಪುತ್ತಿದ್ದವು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ ಸಾಹೇಬರು, ಉತ್ತರ ಬಾರದೆ, ನಿಮ್ಮ ದೌರ್ಬಲ್ಯ ಏನು ಎಂದರು. ಆಗ ಉತ್ತರ ಮುಟ್ಟಿತು: "ನಮ್ಮ ಯಜಮಾನರು."

ಸಾಹೇಬರು, "ನಿಮ್ಮ ಚಿತ್ರ ನಿಂತುಬಿಟ್ಟಿದೆ," ಎಂದರು. ಹಾಗಾದರೆ ಅವರಿಗೆ ಏನೂ ಕಾಣದು ಎಂದುಕೊಂಡು ನಾನು ಬನಿಯನ್-ಟವೆಲ್ಲಿನಲ್ಲೇ ಮೇಜಿನ ಕೆಳಗಿದ್ದ ರೂಟರ್‌ನತ್ತ ಅಂಬೆಗಾಲಿಟ್ಟೆ. ಚಿತ್ರ ನಿಂತಿರಲಿಲ್ಲ, ತಡವಾಗಿತ್ತಷ್ಟೆ. ಒಂದು ಪೊಟ್ಟಣವನ್ನೂ ಬೀಳಿಸದ ನನ್ನ ರೂಟರ್, ಬನಿಯನ್ನಿನ ತೂತುಗಳ ಸಮೇತ ನನ್ನನ್ನು ಚಿಕಲಠಾಣಾಕ್ಕೆ ಮುಟ್ಟಿಸಿತು.

"ಅದು ಯಾರು?"

ಸುಳ್ಳಾಡಿ ಅಭ್ಯಾಸವಿಲ್ಲದ ಮಂಜುಶ್ರೀಯ ಮುಖ ಕೆಂಪಾಯಿತು. "ಕೇಬಲ್‌ವಾಲಾ, ಸರ್. ರಿಪೇರಿಗೆ ಬಂದಾರ."

ಮೇಜಿನ ಕೆಳಗೇ ಉಳಿದೆ. ಮಗಳು ಅಶ್ವಿನಿ ಬಗ್ಗಿ ನನ್ನ ಫೋನು ತೋರಿಸಿದಳು. "ಪಪ್ಪಾ, ನಿಮ್ದೇ ಬ್ಯಾಕಪ್ ಚಾಲೂ ಆಹೇ. ಸಗಳೇ, ಎಲ್ಲಾ ವಿಡಿಯೋ." ಏನೂ ಬೀಳದ ಕಾರಣ ದಾರಿ ಖಾಲಿಯಿದೆ ಎಂದು ನಂಬಿದ ಫೋನು, ನಾನು ಹಾಡಿದ ಮುನ್ನೂರು ವಿಡಿಯೋಗಳನ್ನು ಮೇಲಕ್ಕೆ ನೂಕುತ್ತಿತ್ತು. ಅದನ್ನು ಅವಳೇ ನಿಲ್ಲಿಸಿದಳು. ಕ್ಷಣದಲ್ಲಿ ಸಾಲು ಕರಗಿ ಸಂದರ್ಶನ ಸರಾಗವಾಯಿತು.

ಕೆಲಸ ಸಿಕ್ಕಿತು. ಸೇರುವ ದಿನ ಪ್ರಾಯಶ್ಚಿತ್ತವೆಂದು ಇಸ್ತ್ರಿ ಅಂಗಿ ತೊಟ್ಟು ನಾನೇ ಅವಳನ್ನು ನಾಶಿಕ ಶಾಖೆಗೆ ಕರೆದೊಯ್ದೆ. ಅಂದು ಚಿಕಲಠಾಣಾದಿಂದ ಅಲ್ಲಿಗೇ ಬಂದಿದ್ದ ಹರಿದಾಸ ಸಾಹೇಬರು ನನ್ನನ್ನು ನೋಡಿ ಅರಳಿದರು. "ಅರೇ, ಕೇಬಲ್‌ವಾಲೆ. ಆವತ್ತು ಚಿಟಿಕೆಯಲ್ಲಿ ಸರಿಮಾಡಿದಿರಿ. ನಮ್ಮಲ್ಲೂ ಆವಾಜ್ ತಡವಾಗಿ ಬರುತ್ತಿದೆ, ನೋಡ್ತೀರಾ?"

ಮಂಜುಶ್ರೀಯ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಮೊದಲ ದಿನವೇ ಸುಳ್ಳು ಹೊರಬಿದ್ದರೆ ಹನ್ನೊಂದು ವರ್ಷಕ್ಕೆ ಸಿಕ್ಕ ಕೆಲಸ ಏನಾದೀತು?

"ಜೀ ಸರ್," ಎಂದು ಚಪ್ಪಲಿ ಬಿಟ್ಟು ಅವರ ಮೇಜಿನ ಕೆಳಗೆ ನುಸುಳಿದೆ.

ಅರ್ಧ ಗಂಟೆಯ ಮೇಲೆ ಸಾಹೇಬರು ಚಹಾ ಕೊಡಿಸಿದರು. ಲೋಟ ಹಿಡಿದು ಬಂದವಳು ಮಂಜುಶ್ರೀ. ಎಲ್ಲರೂ ನೋಡುತ್ತಿದ್ದರು. ಬಗ್ಗಿ ಲೋಟ ಚಾಚಿ, ಮರಾಠಿಯಲ್ಲಿ ಮೆಲ್ಲಗೆ ಅಂದಳು:

"ಘ್ಯಾ, ಭಾವೂ."

ತಗೊಳ್ರಿ ಅಣ್ಣಾ, ಎಂದು. ತಗೊಂಡೆ.