ಎಲ್ರಾಯನ ಟ್ರೇಲರಿಗೆ ಎರಡು ಕೊಂಡಿ

ಮಾರ್ಲಿಸ್ ಆ ಮಾತು ಹೇಳಿದ್ದು ಹೋದ ಭಾನುವಾರ, ಹೆದ್ದಾರಿಯಲ್ಲಿ. ಹಂದಿ ತುಂಬಿದ ಲಾರಿಯೊಂದು ಪಕ್ಕದಲ್ಲೇ ಭರ್ರೆಂದು ಹಾದುಹೋಯಿತು. ಅದರ ಗಾಳಿ ಬಡಿದದ್ದೇ ತಡ, ಎಲ್ರಾಯ್ ಟ್ವೀಟನ್ನನ ಪಿಕಪ್ಪಿನ ಹಿಂದೆ ಕಟ್ಟಿದ್ದ, ಗಾಲಿಯ ಮೇಲಿನ ಪುಟ್ಟ ಮನೆಯಂಥ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಲ ಬೀಸತೊಡಗಿ, ಎಳೆಯುತ್ತಿದ್ದ ಪಿಕಪ್ಪನ್ನೇ ಎಳೆದಾಡಿಬಿಟ್ಟಿತು. ಎಲ್ರಾಯ್ ಸ್ಟೀರಿಂಗ್ ಹಿಡಿದು ಬೆವತುಹೋದ. ಪಕ್ಕದಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅವನ ಹೆಂಡತಿ ಮಾರ್ಲಿಸಳ ಸೂಜಿಯಿಂದ ಒಂದು ಸಾಲು ಕುಣಿಕೆ ಪೂರ್ತಿ ಜಾರಿ ಮಡಿಲಿಗೆ ಬಿತ್ತು. ಗಾಡಿ ಸುಮ್ಮನಾದ ಮೇಲೆ ಅವಳು ಕುಣಿಕೆಗಳನ್ನು ಒಂದೊಂದಾಗಿ ಮತ್ತೆ ಸೂಜಿಗೆ ಏರಿಸುತ್ತ, "ಅದೂ ಒಂದು ಥರ" ಎಂದಳು.

ಮಿನೆಸೋಟದ ನಮ್ಮ ಕಡೆ ಯಾರೂ ಯಾವುದನ್ನೂ ಕೆಟ್ಟದ್ದು ಅನ್ನುವುದಿಲ್ಲ. ಮೊಮ್ಮಗಳು ಕೂದಲಿಗೆ ಹಸಿರು ಬಣ್ಣ ಬಳಿದುಕೊಂಡು ಬಂದರೂ, ಪಾದ್ರಿಯ ಹೆಂಡತಿ ಮಾಡಿದ ಹೊಸ ತಿಂಡಿ ಗಂಟಲಲ್ಲಿ ಇಳಿಯದಿದ್ದರೂ, ನಾವು ಅನ್ನುವುದು "ಅದೂ ಒಂದು ಥರ" ಅಂತಲೇ. ಇದಕ್ಕಿಂತ ಕಠಿಣವಾದ ಬೈಗುಳ ನಮ್ಮ ಊರಿನಲ್ಲಿ ಚಾಲ್ತಿಯಲ್ಲಿಲ್ಲ.

"ಕರ್ಟ್ ಕೇಳ್ತಾನೇ ಇದಾನೆ," ಎಂದಳು ಮಾರ್ಲಿಸ್. ಕರ್ಟ್ ಅವಳ ಅಕ್ಕನ ಮಗ. "ಶನಿವಾರ ಬಂದು ಈ ಟ್ರೇಲರನ್ನ ಕಟ್ಕೊಂಡು ಹೋಗ್ಲಿ ಬಿಡು."

"ಓಲಾಟ ತಡೆಯೋ ಕೊಂಡಿ ಹಾಕ್ತೀನಿ ಕಣೆ. ಒಂದೇ ಒಂದ್ಸಲ ನೋಡು."

"ಸರಿ. ಶನಿವಾರ ಮಧ್ಯಾಹ್ನ ಕಾಳಿನ ಕಣಜದವರೆಗೂ ಹೋಗಿ ಬರೋಣ. ಒಂದು ಕುಣಿಕೆ ಜಾರಿದ್ರೂ ಗಾಡಿ ಕರ್ಟ್‌ದು."

ಎಲ್ರಾಯನಿಗೆ ಆ ಟ್ರೇಲರ್ ಬೇಕಾಗಿದ್ದುದು ಅದರ ಮಂಚಕ್ಕಾಗಿಯೋ ಪುಟ್ಟ ಒಲೆಗಾಗಿಯೋ ಅಲ್ಲ. ಕೈ ಬಲವಿರುವವರೆಗೆ ಊರೂರಿನ ಪಿಯಾನೊಗಳಿಗೆ ಶ್ರುತಿ ಕೂರಿಸಿದ ಅವನಿಗೆ ಈಗ ಉಳಿದಿದ್ದ ಒಂದೇ ಖಯಾಲಿ ಎಂದರೆ ಕಲ್ಲು. ಬಡಗಲಾಗಿ ಸುಪೀರಿಯರ್ ಸರೋವರದ ದಂಡೆಗೆ ಹೋಗಿ, ಬೆನ್ನು ಬಗ್ಗಿಸಿ, ಕೆಂಪು ಪಟ್ಟೆಯ ಅಗೇಟು ಕಲ್ಲುಗಳನ್ನು ಆಯುವುದೇ ಅವನ ಸ್ವರ್ಗ. ಮನೆಯ ಕಿಟಕಿ, ಕಪಾಟು, ಸ್ನಾನದ ತೊಟ್ಟಿಯೆಲ್ಲ ಕಲ್ಲಾದಾಗ ಮಾರ್ಲಿಸ್, "ಇನ್ನೊಂದು ಕಲ್ಲು ಮನೆಗೆ ಬರಬಾರದು" ಎಂದು ಮಾತು ತೆಗೆದುಕೊಂಡಿದ್ದಳು. ಎಲ್ರಾಯ್ ಮಾತಿಗೆ ತಪ್ಪುವವನಲ್ಲ. ಅಂದಿನಿಂದ ಒಂದು ಕಲ್ಲನ್ನೂ ಮನೆಗೆ ತಂದಿರಲಿಲ್ಲ. ಎಲ್ಲವನ್ನೂ ಟ್ರೇಲರಿನ ಹಿಂಬದಿಯ ಮಂಚದ ಕೆಳಗೇ ಇಟ್ಟಿದ್ದ.

ಕೊಂಡಿ ಆರಿಸಲು ಪೇಟೆಗೆ ಹೋದ. ಅಂಗಡಿಯಲ್ಲಿ ಒಂದು ಗೋಡೆ ತುಂಬ ಕೊಂಡಿಗಳೇ. ಒಂಟಿ ತೋಳಿನದು, ಜೋಡಿ ಸರಳಿನದು, ಸ್ಪ್ರಿಂಗಿನದು, ಏಡಿಯಂತೆ ಕಾಲು ಚಾಚಿದ್ದು. ಮಾರುವ ಹುಡುಗಿ ಒಂದೊಂದರ ಗುಣಗಾನ ಮಾಡಿದ ಹಾಗೆಲ್ಲ ಎಲ್ರಾಯ್ ಒಂದೊಂದಕ್ಕೂ ತಲೆಯಾಡಿಸಿ, ಕೊನೆಗೆ ಒಂದನ್ನೂ ಕೊಳ್ಳಲಾಗದೆ ಬರಿಗೈಯಲ್ಲಿ ಮರಳಿದ. ಆದರೆ ಸುದ್ದಿ ಅವನಿಗಿಂತ ಮೊದಲು ಬೀದಿ ತಲುಪಿತ್ತು.

ಶನಿವಾರ ಬೆಳಿಗ್ಗೆ ಎದುರುಮನೆಯ ಡುವೇನ್ ಕ್ವಾಮಿ ಹೆಗಲ ಮೇಲೆ ಕಬ್ಬಿಣದ ತೋಳೊಂದನ್ನು ಹೊತ್ತು ಬಂದ. ಡುವೇನನಿಗೆ ಟ್ರೇಲರ್ ಎಳೆಯುವುದರ ಬಗ್ಗೆ ಗೊತ್ತಿಲ್ಲದ್ದಿಲ್ಲ, ಗೊತ್ತಿದ್ದನ್ನು ಹೇಳದೆ ಬಿಟ್ಟದ್ದೂ ಇಲ್ಲ.

"ಏನಯ್ಯಾ, ಅಂಗಡಿಗೆ ಯಾಕೆ ಹೋದೆ? ನಾನು ಸತ್ತು ಹೋಗಿದೀನಾ? ಒಂಟಿ ತೋಳು, ಇದೇ ಸರಿ. ಒಳಗೆ ಎರಡು ತಗಡು ಒಂದಕ್ಕೊಂದು ಬಿಗಿಯಾಗಿ ಉಜ್ತವೆ. ಟ್ರೇಲರ್ ಅಲ್ಲಾಡಕ್ಕೆ ಹೋದ್ರೆ ಕತ್ತು ಹಿಡಿದು ನಿಲ್ಲಿಸತ್ತೆ."

"ಅಯ್ಯೋ, ನಿನಗ್ಯಾಕೆ ತೊಂದರೆ ಡುವೇನ್."

ನಮ್ಮ ಊರಿನಲ್ಲಿ ಹಾಗೆಂದರೆ ಒಪ್ಪಿಗೆ ಎಂದೇ ಲೆಕ್ಕ. ಡುವೇನ್ ನೆಲಕ್ಕೆ ಬೆನ್ನು ಹಚ್ಚಿ ಕೆಲಸ ಶುರುಮಾಡಿದ. ನಟ್ಟು ಬಿಗಿಯುತ್ತ ಒಮ್ಮೆ, "ಒಳಗೆ ಭಾರದ ಸಾಮಾನು ಏನೂ ಇಲ್ಲ ತಾನೆ?" ಎಂದು ಕೇಳಿದ. ಅಡುಗೆಮನೆಯ ಕಿಟಕಿ ತೆರೆದಿತ್ತು. ಮಾರ್ಲಿಸ್ ಅಲ್ಲೇ ಇದ್ದಳು.

"ಏನಿರತ್ತೆ? ಹೊದಿಕೆ, ಎರಡು ಪಾತ್ರೆ," ಎಂದ ಎಲ್ರಾಯ್. ಭಾರವಿದ್ದಷ್ಟೂ ಗಾಡಿ ನೆಲ ಕಚ್ಚಿಕೊಂಡು ಓಡುತ್ತದೆ ಎಂದೇ ಅವನ ನಂಬಿಕೆಯಾಗಿದ್ದರಿಂದ ಅವನ ಮನಸ್ಸಿಗೇನೂ ಚುಚ್ಚಲಿಲ್ಲ.

ಡುವೇನ್ ಕೈ ತೊಳೆಯಲು ಮನೆಗೆ ಹೋದದ್ದೇ ಮೂಲೆಮನೆಯ ಆರ್ವಿಲಾ ಬ್ರುಸ್ ಕೈಗಾಡಿ ತಳ್ಳಿಕೊಂಡು ಬಂದಳು. ಈ ಮುದುಕಿ ಪ್ರಾಯದಲ್ಲಿ ಕುದುರೆಗಳನ್ನು ತುಂಬಿಕೊಂಡು ಮೂರು ರಾಜ್ಯ ಸುತ್ತಿದವಳು. ಕೈಗಾಡಿಯಲ್ಲಿ ಎರಡು ಉಕ್ಕಿನ ಸರಳುಗಳಿದ್ದವು.

ಅವಳು ಡುವೇನನ ತೋಳನ್ನು ನೋಡಿದಳು. "ಅದೂ ಒಂದು ಥರ," ಎಂದಳು.

"ಡುವೇನ್ ಪ್ರೀತಿಯಿಂದ ಹಾಕಿಕೊಟ್ಟ, ಆರ್ವಿಲಾ."

"ಹಾಕ್ಲಪ್ಪ, ಬೇಡ ಅಂದೋರ್ಯಾರು? ಗಾಳಿಪಟಕ್ಕಾದ್ರೆ ಸಾಕು ಅದು. ಈ ಸರಳು ಗಾಡಿ ಮುಂದಿನ ಮೂಕಿಯ ಎರಡೂ ಪಕ್ಕಕ್ಕೆ ಕೂತರೆ ನೋಡು, ನಾಲ್ಕು ಮೂಲೇಲಿ ಕಚ್ಚಿ ಹಿಡಿಯತ್ತೆ. ನನ್ನ ಕುದುರೆಗಳು ನಿದ್ದೆ ಮಾಡ್ತಿದ್ವು ಒಳಗೆ."

"ನೀವು ಇಷ್ಟು ದೂರ ತಳ್ಕೊಂಡು ಬರಬೇಕಿತ್ತಾ..."

ಇದೂ ಒಪ್ಪಿಗೆಯೇ ಆಯಿತು. ಡುವೇನ್ ಮರಳಿ ಬರುವಷ್ಟರಲ್ಲಿ ಒಂದೇ ಮೂಕಿಗೆ ಎರಡು ಮತದ ಕೊಂಡಿಗಳು ಬಿಗಿದುಕೊಂಡಿದ್ದವು. ಡುವೇನ್ ಸರಳುಗಳನ್ನು ನೋಡಿ ಟೋಪಿ ಹಿಂದಕ್ಕೆ ಸರಿಸಿದ.

"ಚೆನ್ನಾಗಿದೆ ಆರ್ವಿಲಾ. ಕುದುರೆ ತಗೊಂಡು ಹೋಗೋರಿಗೆ."

"ನಿನ್ನದೂ ಚೆನ್ನಾಗಿದೆ ಕಣಪ್ಪ. ಸೈಕಲ್ ಎಳೆಯೋರಿಗೆ."

"ಎಲ್ರಾಯ್, ನೀನೇ ಹೇಳು. ಯಾವುದು ಇರಲಿ, ಯಾವುದು ತೆಗೀಲಿ?"

ಇಬ್ಬರೂ ಅವನ ಮುಖವನ್ನೇ ನೋಡಿದರು. ಚಳಿಗಾಲದಲ್ಲಿ ಅವನ ಅಂಗಳದ ಹಿಮ ತೋಡುವವನು ಡುವೇನ್. ಮಾರ್ಲಿಸಳ ಕಾಲು ಮುರಿದಾಗ ವಾರವಿಡೀ ಊಟ ತಂದುಕೊಟ್ಟವಳು ಆರ್ವಿಲಾ.

"ಎರಡೂ ಇರ್ಲಿ," ಎಂದ ಎಲ್ರಾಯ್. "ಎರಡಿದ್ರೆ ಇನ್ನೂ ಒಳ್ಳೇದಲ್ವಾ?"

ಬೀದಿಯ ಸುತ್ತ ಒಂದು ಸುತ್ತು ಹೊಡೆದು ನೋಡುವುದೆಂದಾಯಿತು. ಮೊದಲ ತಿರುವಿನಲ್ಲೇ ಎಲ್ರಾಯನ ಹಲ್ಲು ಕಟಕಟಿಸಿತು. ಡುವೇನನ ತೋಳು ಸಣ್ಣ ದನಿಯಲ್ಲಿ ಕಿರ್ರ್ ಎಂದರೆ, ಆರ್ವಿಲಾಳ ಸರಳುಗಳು ಅದಕ್ಕಿಂತ ಒಂದು ಕೂದಲು ಕೆಳಗಿನ ಶ್ರುತಿಯಲ್ಲಿ ಗೋಳಾಡಿದವು. ಬೇರೆ ಯಾರಿಗಾದರೂ ಅದು ಬರೀ ಸದ್ದು. ಬದುಕಿಡೀ ಅಪಶ್ರುತಿಯನ್ನು ಬೇಟೆಯಾಡಿದವನಿಗೆ ಅದು ಕಿವಿಯೊಳಗೆ ಸೂಜಿ ಆಡಿಸಿದಂತೆ. ಮೊದಲೇ ಅವನ ಕಿವಿ ರೋಸಿಹೋಗಿತ್ತು. ಹಿಂದಿನ ಸಂಜೆ, ಈಗಲೂ ಅವನೇ ನೋಡಿಕೊಳ್ಳುತ್ತಿದ್ದ ಚರ್ಚಿನ ಪಿಯಾನೊಗೆ ಶ್ರುತಿ ಕೂರಿಸಲು ಕೂತಾಗ, ಹೊರಗೆ ಹೊಸ ಮೆಟ್ಟಿಲಿಗೆ ಕಾಂಕ್ರೀಟ್ ಹಾಕುತ್ತಿದ್ದವರು ಏನೋ ದಡಬಡ ಸುರಿಯುತ್ತಲೇ ಇದ್ದರು. ಅವನು ಎರಡು ಸಲ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಿದ್ದ.

"ಸದ್ದು ಮಾಡಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ," ಎಂದ ಡುವೇನ್.

"ಹೌದು. ಜಾಸ್ತಿ ಸದ್ದು ನನ್ನದು," ಎಂದಳು ಆರ್ವಿಲಾ.

ಮಾರ್ಲಿಸ್ ಬಾಗಿಲಿಗೆ ಬಂದು ಇಬ್ಬರನ್ನೂ ಊಟಕ್ಕೆ ಕರೆದಳು. ಬೇಡ ಎಂದರು. ಮತ್ತೆ ಕರೆದಳು. ಬೇಡವೇ ಬೇಡ, ಈಗ ತಾನೆ ತಿಂದೆವು ಎಂದರು. ಮೂರನೆಯ ಸಲ ಕರೆದಾಗ, "ಹಾಗಾದ್ರೆ ಒಂದೇ ಒಂದು ಚಮಚ" ಎನ್ನುತ್ತ ಒಳಗೆ ಹೋಗಿ, ಆಲೂಗಡ್ಡೆ ಹಾಸಿ ಬೇಯಿಸಿದ ಮಾಂಸದ ಬೋಗುಣಿಯ ಮುಂದೆ ಕೂತರು. ಎಲ್ರಾಯನಿಗೆ ಬೇಕಾಗಿದ್ದೂ ಅಷ್ಟೇ. ಗ್ಯಾರೇಜಿನಿಂದ ಗ್ರೀಸಿನ ಡಬ್ಬಿ ತಂದು, ತೋಳಿನ ತಗಡುಗಳ ನಡುವೆ, ಸರಳುಗಳು ಉಜ್ಜುವ ಕಡೆಯೆಲ್ಲ, ಮಗುವಿಗೆ ಎಣ್ಣೆ ಹಚ್ಚುವಷ್ಟು ಅಕ್ಕರೆಯಿಂದ ಗ್ರೀಸು ತುಂಬಿದ. ಗಾಡಿಯನ್ನು ಮುಂದೆ ಹಿಂದೆ ಆಡಿಸಿ ನೋಡಿದ. ಒಂದು ಚೂರೂ ಸದ್ದಿಲ್ಲ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನಿಗೆ ನೆಮ್ಮದಿಯಾಯಿತು.

ಮಧ್ಯಾಹ್ನ ಮೆರವಣಿಗೆ ಹೊರಟಿತು. ಮುಂದೆ ಎಲ್ರಾಯ್ ಮತ್ತು ಮಾರ್ಲಿಸ್, ಹಿಂದೆ ಟ್ರೇಲರ್, ಅದರ ಹಿಂದೆ ಡುವೇನನ ಪಿಕಪ್ಪಿನಲ್ಲಿ ಡುವೇನ್ ಮತ್ತು ಆರ್ವಿಲಾ. ಬಯಲಿನ ಮೇಲೆ ಗಾಳಿ ಜೋರಾಗಿತ್ತು. ಮಾರ್ಲಿಸ್ ಕಾಲುಚೀಲದ ಹಿಮ್ಮಡಿ ತಿರುಗಿಸುತ್ತಿದ್ದಳು. ಹೆಣೆಯುವವರಿಗೆ ಗೊತ್ತು, ಕುಣಿಕೆ ಜಾರುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಜಾಗವಿಲ್ಲ. ಎಲ್ರಾಯ್ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಸೂಜಿಯ ಮೇಲೆ ಇಟ್ಟು ಓಡಿಸಿದ. ಕನ್ನಡಿಯಲ್ಲಿ ಲಾರಿ ಕಾಣಿಸಿತು. ಅದೇ ಹಂದಿಗಳು, ಅದೇ ವಾಸನೆ. ಲಾರಿ ಭರ್ರೆಂದು ಹಾದುಹೋಯಿತು.

ಟ್ರೇಲರ್ ಕದಲಲಿಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿಗೆ ಕೂರಿಸಿದ ಹುಡುಗನಂತೆ ನೆಟ್ಟಗೆ ಬಂತು.

ಇನ್ನೂ ಒಂದು ಲಾರಿ, ಎರಡು ಬಸ್ಸು, ಸೇತುವೆಯ ಮೇಲಿನ ಅಡ್ಡಗಾಳಿ. ಏನೂ ಆಗಲಿಲ್ಲ. ಕಣಜ ಸುತ್ತಿಕೊಂಡು ಮನೆಯ ಮುಂದೆ ನಿಂತಾಗ ಮಾರ್ಲಿಸ್ ಮುಗಿದ ಹಿಮ್ಮಡಿಯನ್ನು ಎತ್ತಿ ತೋರಿಸಿದಳು. "ಒಂದೂ ಜಾರಿಲ್ಲ. ಗಾಡಿ ಇರ್ಲಿ ಬಿಡು, ಎಲ್ರಾಯ್."

ಎಲ್ರಾಯನ ಕಣ್ಣು ತುಂಬಿ ಬಂತು. ಸರೋವರದ ದಂಡೆ, ಅಲೆ ಸರಿದಾಗ ಮಿನುಗುವ ಕೆಂಪು ಕಲ್ಲು, ಎಲ್ಲ ಅವನ ಕಣ್ಣ ಮುಂದೆ ಹಾದುಹೋಯಿತು.

ಅಷ್ಟರಲ್ಲಿ ಹಿಂದಿನ ಪಿಕಪ್ಪಿನ ಬಾಗಿಲುಗಳು ಧಡಾರೆಂದವು.

"ನೋಡಿದ್ಯಾ ನನ್ನ ತೋಳು?" ಎಂದು ಡುವೇನ್ ಕೂಗಿದ.

"ನಿನ್ನ ತೋಳು ಸುಮ್ನೆ ಜೊತೆಗೆ ಬಂತು. ಹಿಡಿದಿದ್ದು ನನ್ನ ಸರಳು!"

"ಹಾಗಾ? ನನ್ನದು ಬಿಚ್ತೀನಿ. ಇನ್ನೊಂದು ಸಲ ಓಡಿಸಿ ನೋಡೇ ಬಿಡೋಣ."

"ಬೇಡ ಡುವೇನ್, ನಿನಗ್ಯಾಕೆ..." ಎಂದು ಎಲ್ರಾಯ್ ಅಡ್ಡ ಬಂದ. ಅದನ್ನೂ ಒಪ್ಪಿಗೆ ಎಂದೇ ತಿಳಿದ ಡುವೇನ್ ತೋಳಿಗೆ ಕೈ ಹಾಕಿ ಜಗ್ಗಿದ. ಕೈ ಸರ್ರನೆ ಜಾರಿತು, ಡುವೇನ್ ಹುಲ್ಲಿನ ಮೇಲೆ ಅಂಗಾತ ಬಿದ್ದ. ಮೊಣಕೈವರೆಗೆ ಮೆತ್ತಿದ್ದನ್ನು ಮೂಸಿ ನೋಡಿದ.

"ಗ್ರೀಸು! ಯಾರಯ್ಯಾ ಇದಕ್ಕೆ ಗ್ರೀಸು ಹಚ್ಚಿದ್ದು?"

ಆರ್ವಿಲಾ ಬಗ್ಗಿ ತನ್ನ ಸರಳಿನ ಮೇಲೆ ಬೆರಳಾಡಿಸಿದಳು. "ಇಲ್ಲೂ ಇದೆ!"

"ಸ್ವಲ್ಪ ಸದ್ದಾಗ್ತಿತ್ತು..." ಎಂದ ಎಲ್ರಾಯ್.

"ಉಜ್ಜೋದೇ ಅದರ ಕೆಲಸ ಕಣೋ! ಬ್ರೇಕಿಗೆ ಬೆಣ್ಣೆ ಹಚ್ಚಿದ ಹಾಗಾಯ್ತಲ್ಲೋ! ಇವೆರಡೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ!" ಎಂದ ಡುವೇನ್.

ಆರ್ವಿಲಾ ನಿಧಾನವಾಗಿ ಕೇಳಿದಳು. "ಹಾಗಾದ್ರೆ ಗಾಡಿ ಯಾಕೆ ಅಲ್ಲಾಡಲಿಲ್ಲ?"

ಆ ಹೊತ್ತಿಗೇ ಕರ್ಟ್ ಬಂದ. ಪಿಕಪ್ಪಿನಿಂದ ಇಳಿದವನು ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ. ಗಾಡಿ ಓಲಾಡಲಿಲ್ಲ, ಕೊಡುವುದಿಲ್ಲ ಎಂದು ಮಾರ್ಲಿಸ್ ಹೇಳಿದಾಗ ಅವನ ಮುಖ ಸಪ್ಪಗಾಯಿತು.

"ಹೇಗೆ ಓಲಾಡತ್ತೆ ಚಿಕ್ಕಮ್ಮ? ಹಿಂದಿನ ಮಂಚದ ಕೆಳಗಿದ್ದ ಕಲ್ಲೆಲ್ಲ ನಾನೇ ಹೊತ್ತು ಹಾಕಿದೀನಲ್ಲ ನಿನ್ನೆ. ಗುಡ್ಡವೇ ಇತ್ತು ಅಲ್ಲಿ. ಬೆನ್ನು ಇನ್ನೂ ನೆಟ್ಟಗಾಗಿಲ್ಲ."

"ಕಲ್ಲಾ?" ಎಂದ ಡುವೇನ್. "ಹಿಂದ್ಗಡೆನಾ?"

"ಹಿಂದೆ ಅಷ್ಟು ಭಾರ ಹೇರಿದ್ರೆ ಮೂಕಿ ಹಗುರಾಗಿ ಗಾಡಿ ಬಾಲ ಬೀಸದೆ ಇನ್ನೇನು ಮಾಡತ್ತೆ?" ಎಂದಳು ಆರ್ವಿಲಾ. "ಇದಕ್ಕೆ ಕೊಂಡೀನೇ ಬೇಕಿರಲಿಲ್ಲವಲ್ಲಪ್ಪ!" ಬೆಳಿಗ್ಗೆಯಿಂದ ಅವಳೂ ಡುವೇನನೂ ಒಪ್ಪಿಕೊಂಡ ಮಾತು ಇದೊಂದೇ.

ಎಲ್ರಾಯ್ ಅವರತ್ತ ನೋಡುತ್ತಿರಲಿಲ್ಲ. "ಎಲ್ಲಿಗೆ ಹೊತ್ತು ಹಾಕಿದ್ರಿ?" ಎಂದ.

"ಕರ್ಟ್‌ಗೆ ಕೊಡೋ ಗಾಡಿ ಅಲ್ವಾ, ಒಳಗೆ ಗುಡಿಸೋಣ ಅಂತ ಹೋದ್ವಿ," ಎಂದಳು ಮಾರ್ಲಿಸ್, ಉಣ್ಣೆಯ ಉಂಡೆ ಸುತ್ತುತ್ತ. "ಹಿಂದಿನ ಮಾಲೀಕರು ಬಿಟ್ಟು ಹೋಗಿರಬೇಕು ಪಾಪ. ನೀನಂತೂ ಕಲ್ಲು ತರೋದು ಬಿಟ್ಟು ಎರಡು ವರ್ಷ ಆಯ್ತು. ಮಾತು ಕೊಟ್ಟಿದ್ದೀಯ."

ಎಲ್ರಾಯ್ ಟ್ರೇಲರಿನ ಹಿಂಬದಿಯ ಕಿಟಕಿಯಲ್ಲಿ ಇಣುಕಿ ನೋಡಿದ.

"ಚರ್ಚಿನ ಮೆಟ್ಟಿಲಿನ ಅಡಿಗೆ ಕಲ್ಲು ಸಾಲ್ದು ಅಂತ ಪಾದ್ರಿಗಳು ಒದ್ದಾಡ್ತಿದ್ರು. ಎಲ್ಲ ಅಲ್ಲೇ ಸುರಿಸಿದ್ವಿ, ಮೇಲೆ ಕಾಂಕ್ರೀಟ್ ಹಾಕಿದ್ರು. ನೀನು ಒಳಗೇ ಇದ್ದೆಯಲ್ಲ, ಪಿಯಾನೊ ಹತ್ರ. ಸದ್ದು ಕೇಳ್ಲಿಲ್ವಾ?"

"ಕೇಳಿಸ್ತು," ಎಂದ ಎಲ್ರಾಯ್.

"ಚಿಕ್ಕಪ್ಪ, ಎರಡು ಸಲ ಬಂದು ಕಿಟಕಿ ಮುಚ್ಚಿದ್ರಲ್ಲ. ನಾನು ಕೈ ಬೀಸಿದೆ, ನೀವು ನೋಡ್ಲೇ ಇಲ್ಲ," ಎಂದ ಕರ್ಟ್.

ಮಾರ್ಲಿಸ್ ಗಂಡನ ತೋಳಿಗೆ ತೋಳು ಸೇರಿಸಿದಳು. "ಮುಂದಿನ ವಾರ ನಿನ್ನ ಸರೋವರಕ್ಕೆ ಹೋಗೋಣ. ದಂಡೆ ಮೇಲೆ ಎಷ್ಟು ಬೇಕಾದ್ರೂ ಓಡಾಡು, ನೋಡು. ಆದ್ರೆ ಟ್ರೇಲರ್ ಒಳಗೆ ಒಂದು ಹರಳೂ ಬರೋ ಹಾಗಿಲ್ಲ. ಯಾಕೆ ಅಂತ ಈಗ ಇವರೇ ಹೇಳಿದ್ರಲ್ಲ."

ಡುವೇನ್ ಮತ್ತು ಆರ್ವಿಲಾ ಒಟ್ಟಿಗೇ ತಲೆಯಾಡಿಸಿದರು.

"ಹಾಂ, ಮರೆತಿದ್ದೆ," ಎಂದಳು ಮಾರ್ಲಿಸ್. "ನಮ್ಮ ಗಾಡಿಯಿಂದ ಬಂದ ಕಲ್ಲಲ್ವಾ, ನಿನ್ನ ಹೆಸರೇ ಹೇಳಿದೀನಿ. ಪಾದ್ರಿಗಳಿಗೆ ಎಷ್ಟು ಖುಷಿ ಅಂತೀಯ! ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಆ ಮೆಟ್ಟಿಲು ಮೊದಲು ತುಳಿಯೋದು ನೀನೇ ಅಂತೆ."

ಎಲ್ಲರೂ ಅವನತ್ತ ನೋಡಿ ನಕ್ಕರು. ಏನಾದರೂ ಹೇಳಲೇಬೇಕಾಗಿತ್ತು. ಎಲ್ರಾಯ್ ಅಂಗಿಯ ತುದಿಯಲ್ಲಿ ಕೈಯ ಗ್ರೀಸು ಒರೆಸಿಕೊಂಡ.

"ಅದೂ ಒಂದು ಥರ," ಎಂದ.